ಬೋಟ್ ಕಚೇರಿಯ ಗಾಳಿಸುದ್ದಿ

ಬೋಟ್ ಕಚೇರಿಯ ಕಂಪ್ಯೂಟರಿನವನು ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮ ಯಾರ ಮನೆಯಲ್ಲಿರಬೇಕು ಎಂಬುದೇ ಜಗಳ. ಆಚೆ ದಡದ ಮಗಳ ಮನೆಯೇ ಸಾಕೆಂದಳು ಅಮ್ಮ. ಇವನು ಅಕ್ಕನ ನಂಬರನ್ನು ಬ್ಲಾಕ್ ಮಾಡಿದ, ಆ ಕಡೆ ತಲೆಹಾಕಿಯೂ ಮಲಗಲಿಲ್ಲ. ಕಚೇರಿಯ ಫೋನಿನಲ್ಲಿ ಅವಳ ದನಿ ಕೇಳಿದರೆ ಇಟ್ಟುಬಿಡುತ್ತಿದ್ದ. ಹಠದಲ್ಲಿ ಆ ಮನೆಯವರೆಲ್ಲ ಒಂದೇ ಅಚ್ಚು.

ತೊಂದರೆಯೆಂದರೆ ಅಕ್ಕ ಕೆಲಸಕ್ಕಿದ್ದದ್ದು ಆಚೆ ದಡದ ಹವಾಮಾನ ಕೇಂದ್ರದಲ್ಲಿ. ಅವಳು ಅಲ್ಲಿನ ವೆಬ್‌ಸೈಟಿಗೆ ಹಾಕುವ ಗಾಳಿಯ ವಿವರ ನೋಡಿಯೇ ಇಲ್ಲಿ ಬೋಟು ಬಿಡಬೇಕು. ಅದನ್ನು ಕಚೇರಿಯ ವೆಬ್ ಪುಟಕ್ಕೆ ನೇರವಾಗಿ ಎಳೆದುಕೊಳ್ಳಹೋದರೆ ಬ್ರೌಸರ್ ಬಿಡಲಿಲ್ಲ. ಪರರ ಸೈಟಿನ ಸರಕು ಅದಕ್ಕೆ ಆಗದು. ಹಾಗಾಗಿ ಇವನು ಕಚೇರಿಯ ಸರ್ವರಿನಲ್ಲೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಕೂರಿಸಿದ. ಅದು ಆಚೆಯ ಸೈಟಿಗೆ ಹೋಗಿ, ಕೇಳಿ, ಕೊಟ್ಟದ್ದನ್ನು ತಂದು, ನಮ್ಮದೇ ಎಂಬಂತೆ ಪರದೆಗೆ ಒಪ್ಪಿಸುತ್ತದೆ. ಒಂದಕ್ಷರ ಸೇರಿಸದು, ಒಂದಕ್ಷರ ನುಂಗದು. ಮನುಷ್ಯರಲ್ಲಿ ಇಂಥವರು ಸಿಗುವುದು ಕಷ್ಟ.

"ಅಂತೂ ದಿನಾ ಅಕ್ಕನ್ನ ಕೇಳ್ತೀರಿ," ಎಂದು ಟಿಕೆಟಿನವಳು ಕೆಣಕಿದಳು.

"ಕೇಳೋದು ನಾನಲ್ಲ, ಸ್ಕ್ರಿಪ್ಟು."

ಒಂದು ಬೆಳಿಗ್ಗೆ ಕೌಂಟರಿನ ಮೇಲಿನ ದೊಡ್ಡ ಪರದೆಯಲ್ಲಿ ಹೀಗೆ ಬಂತು: "ಗಾಳಿ ಸಾಧಾರಣ. ಅಲೆ ಕಡಿಮೆ. ಅಮ್ಮ ಬಿದ್ದು ಸೊಂಟ ಮುರಿದಿದೆ, ಮಧ್ಯಾಹ್ನ ಆಪರೇಷನ್. ನಿನ್ನನ್ನೇ ಕೇಳುತ್ತಿದ್ದಾಳೆ ಕಣೋ."

ಟಿಕೆಟಿಗೆ ನಿಂತವರೆಲ್ಲ ಓದಿದರು. ಗಾಳಿಸುದ್ದಿ ಇರಬೇಕು ಎಂದ ಒಬ್ಬ. ಟಿಕೆಟಿನವಳು ಓಡಿ ಬಂದು ಇವನನ್ನು ಕರೆದು ತೋರಿಸಿದಳು. ಸ್ವಲ್ಪ ಮುಂಚೆಯಷ್ಟೇ ಕಚೇರಿಯ ಫೋನಿಗೆ ಅಕ್ಕನ ಕರೆ ಬಂದಿತ್ತು, ದನಿ ಕೇಳಿದ್ದೇ ಇಟ್ಟಿದ್ದ. ಇವನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಗಾಳಿ ಬಿಟ್ಟು ಬೇರೇದು ಬರದ ಹಾಗೆ ಒಂದು ಜರಡಿ ಹಾಕೋಕಾಗಲ್ವೇನ್ರೀ ಇದಕ್ಕೆ?"

"ಆಗುತ್ತೆ ಸಾರ್."

"ಆಮೇಲೆ ಹಾಕಿ. ಈಗ ಬೋಟ್ ಹತ್ತಿ."

ಆಸ್ಪತ್ರೆಯಲ್ಲಿ ಅಮ್ಮ ಇವನ ಕೈ ಹಿಡಿದುಕೊಂಡಳು. ಹಾಸಿಗೆಯ ಆ ಬದಿಗೆ ಅಕ್ಕ ಗೋಡೆ ನೋಡುತ್ತ ನಿಂತಿದ್ದಳು.

"ಇಬ್ರೂ ಮಾತಾಡ್ತಿದೀರಾ?" ಎಂದಳು ಅಮ್ಮ.

"ಅವನನ್ನೇ ಕೇಳು," ಎಂದಳು ಅಕ್ಕ.

ಅವನು ಉತ್ತರ ಕೊಡುವ ಮೊದಲೇ ಅಮ್ಮನನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಇಬ್ಬರೇ ಉಳಿದರು. ತಪ್ಪಾಯಿತು ಎನ್ನಲು ಬಾಯಿ ತೆರೆದ, ಬಂದದ್ದು ಬೇರೆ.

"ಅಕ್ಕಾ, ಊಟ ಆಯ್ತಾ?"

"ಇಲ್ಲ," ಎಂದಳು ಅಕ್ಕ. ಎಂದವಳೇ ಅಳತೊಡಗಿದಳು.