ಕಂಬಳಿ ಹಾಸಿದ ಸೀಟು, ಎರಡಾದ ರೈಲು

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ ಏಳೂವರೆ. ಸ್ವಿಟ್ಜರ್ಲೆಂಡಿನ ಬರ್ನ್ ರೈಲು ನಿಲ್ದಾಣ. ಆಗ ನಾನು ಚನ್ನಗಿರಿಯ ಸಣ್ಣದೊಂದು ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಜನರನ್ನು ಎಣಿಸಿ ಹತ್ತಿಸುವುದು, ಎಣಿಸಿ ಇಳಿಸುವುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹನ್ನೊಂದು ಜನ ಜೊತೆಗಿದ್ದರು.

ಹತ್ತು ಜನ ಹಿಮ ನೋಡಲು ಬಂದವರು. ಜಗಳೂರಿನ ತಿಪ್ಪೇಸ್ವಾಮಿ ಬಂದದ್ದು ಕುರಿ ನೋಡಲು. ಹುಟ್ಟಿದಾಗಿನಿಂದ ಕುರಿಯ ನಡುವೆಯೇ ಬೆಳೆದವರು. ಮೈಯೆಲ್ಲ ಬಿಳಿ, ಮುಖ ಮಾತ್ರ ಮಸಿ ಬಳಿದಂತೆ ಕಪ್ಪಗಿರುವ ಅಲ್ಲಿಯ ಒಂದು ತಳಿಯ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಅದನ್ನು ಸಾಕುವ ರೈತನಿಗೆ ಕೊಡಲು ತಮ್ಮ ಕುರಿಗಳ ಉಣ್ಣೆಯದೇ ಕಂಬಳಿಯನ್ನೂ ತಂದಿದ್ದರು. ಅಂಥ ಒಬ್ಬ ರೈತನನ್ನು ನಾನು ಗೊತ್ತುಮಾಡಿದ್ದೆ. ಆದರೆ ಅಂದೇ ಹತ್ತು ಗಂಟೆಗೆ ಆತ ಮಂದೆಯನ್ನು ಲಾರಿಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಸಾಗಿಸುವವನಿದ್ದ. ಅದು ತಪ್ಪಿದರೆ ತಿಪ್ಪೇಸ್ವಾಮಿಗೆ ಜೇಬಿನ ಚಿತ್ರವೇ ಗತಿ.

ನಮ್ಮ ರೈಲು ಸ್ಪೀಟ್ಸ್ ಎಂಬಲ್ಲಿ ಎರಡಾಗುತ್ತದೆ. ಮುಂದಿನ ಭಾಗ ನಮ್ಮ ದಾರಿಗೆ, ಹಿಂದಿನದು ಬೇರೊಂದು ಕಣಿವೆಗೆ. ಒಳಗಿನಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿಯಿಲ್ಲ. ಇದನ್ನು ಪ್ಲಾಟ್‌ಫಾರ್ಮಿನಲ್ಲಿ ನಾನು ವಿವರಿಸಿ ಮುಗಿಸುವಷ್ಟರಲ್ಲಿ ತಿಪ್ಪೇಸ್ವಾಮಿ ಹಿಂದಿನ ಬೋಗಿ ಹತ್ತಿ ಕಂಬಳಿ ಹಾಸಿಯಾಗಿತ್ತು.

"ಇಳೀರಿ ಸ್ವಾಮಣ್ಣ, ಇದು ಬೇರೆ ಕಡೆ ಹೋಗ್ತದೆ."

"ನಾಕು ಸೀಟು ಹಿಡಿದೀನಿ ತಮ್ಮ! ಜಗಳೂರು ಬಸ್ಸಾಗೆ ಒಂದು ಸೀಟಿಗೆ ಟವಲ್ ಹಾಕಾಕೆ ಕಿಟಕಿಗೆ ಜೋತು ಬೀಳ್ಬೇಕು."

"ಮುಂದಿನದೂ ಖಾಲಿನೇ ಐತ್ರಿ."

"ಹಂಗಾದ್ರೆ ಅಲ್ಲೇ ಕೂರಾಣ. ಕಂಬಳಿ ಇಲ್ಲಿರ್ಲಿ. ಹಿಡಿದ ಸೀಟು ಯಾಕೆ ಬಿಡಬೇಕು?"

ಹೊರಡುವ ಹೊತ್ತಾಗಿತ್ತು. ಅವರ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದೆ. ಕಂಬಳಿ ಹಿಂದೆಯೇ ಉಳಿಯಿತು.

ಸ್ಪೀಟ್ಸ್‌ನಲ್ಲಿ ರೈಲು ನಿಂತದ್ದೇ ಅವರು ಇಳಿದು ಹಿಂದಕ್ಕೆ ಓಡಿದರು. ಫೋನು, ಪಾಸ್‌ಪೋರ್ಟು ಎರಡೂ ನಮ್ಮ ಬೋಗಿಯಲ್ಲಿದ್ದ ಅವರ ಚೀಲದಲ್ಲಿದ್ದವು. ಬಾಗಿಲಲ್ಲಿ ಬಗ್ಗಿ ನೋಡಿದೆ: ಹಿಂದಿನ ಬೋಗಿಯ ಬಾಗಿಲಲ್ಲಿ ನಿಂತು ಅವರು ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ, ಕೊಡವಿ, ನಿಧಾನವಾಗಿ ಮಡಿಸುತ್ತಿದ್ದರು. ನಮ್ಮ ಬಾಗಿಲು ಮುಚ್ಚಿತು. ರೈಲು ಹೊರಟಿತು.

"ಒಬ್ರು ಕಮ್ಮಿ ಆದ್ರು. ಇನ್ಮೇಲೆ ಎಣಿಸಾಕೆ ನಿನಗೆ ಸುಲಭ ಬಿಡು" ಎಂದರು ಹೊನ್ನಾಳಿಯ ರುದ್ರಪ್ಪ.

ಟಿಕೆಟ್ ಪರೀಕ್ಷಕಿಗೆ ಹೇಳಿದೆ. ಆಕೆ ಇನ್ನೊಂದು ರೈಲಿಗೆ ಫೋನ್ ಮಾಡಿ, ನನ್ನನ್ನೇ ವಿಚಿತ್ರವಾಗಿ ನೋಡಿದಳು. ನಮ್ಮವರು ಮೊದಲ ನಿಲ್ದಾಣದಲ್ಲೇ ಇಳಿದು, ಪಕ್ಕದ ರಸ್ತೆಗೆ ನಡೆದು, ಕೈ ಅಡ್ಡ ಹಾಕಿ, ಯಾವುದೋ ಜೀಪು ಹತ್ತಿ ಹೋದರಂತೆ.

ನಾವು ರೈಲಿಳಿದು, ಅಂಚೆ ಇಲಾಖೆಯವರೇ ಓಡಿಸುವ ಹಳದಿ ಬಸ್ಸಿನಲ್ಲಿ ಬೆಟ್ಟ ಹತ್ತಿ ಹಳ್ಳಿ ಮುಟ್ಟಿದಾಗ ಕುರಿಗಳೆಲ್ಲ ಲಾರಿಯೊಳಗಿದ್ದವು. ಒಬ್ಬರು ಬರಬೇಕಿದೆ ಎಂದು ಬೇಡಿಕೊಂಡೆ. ರೈತ ಗಡಿಯಾರ ತೋರಿಸಿ ಬಾಗಿಲಿಗೆ ಕೈ ಹಾಕಿದ.

ಆಗ ನ್ಯಾಮತಿಯ ಗಿರಿಜಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದರು. ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಒಂದು ಕಾಲು ನೆಲದ ಮೇಲೆಯೇ ಬಿಟ್ಟು, ಕಂಬಿ ಹಿಡಿದು ನಿಂತರು. ನಮ್ಮ ಕಡೆಯ ಬಸ್ ಡ್ರೈವರುಗಳೆಲ್ಲ ಸೋತಿರುವ ಭಂಗಿ ಅದು.

"ಒಬ್ರು ಬರ್ತಾ ಅದಾರೆ ರೀ, ಒಂದೇ ನಿಮಿಷ."

ರೈತ ಆ ಕಾಲನ್ನು ನೋಡಿದ, ನನ್ನನ್ನು ನೋಡಿದ. "ಏನಂತೆ?"

"ಒಂದು ನಿಮಿಷವಂತೆ."

ಒಂದು ನಿಮಿಷ ತಾನೇ ಎಂದು ಒಪ್ಪಿದ. ಆ ನಿಮಿಷ ಅರ್ಧ ಗಂಟೆ ನಡೆಯಿತು. ಆತ ಗಡಿಯಾರ ನೋಡಿದಾಗಲೆಲ್ಲ ಗಿರಿಜಮ್ಮ, "ಅಗಾ, ತಿರುವಿನಾಗೆ ಕಾಣ್ತಾ ಅದಾರೆ" ಎಂದು ಖಾಲಿ ರಸ್ತೆಯತ್ತ ಕೈ ತೋರುತ್ತಿದ್ದರು. ಕೊನೆಗೊಮ್ಮೆ ತಿರುವಿನಲ್ಲಿ ನಿಜವಾಗಿಯೂ ಒಂದು ಜೀಪು ಕಂಡಾಗ ಹೆಚ್ಚು ಬೆರಗಾದವರು ಅವರೇ.

ತಿಪ್ಪೇಸ್ವಾಮಿ ಕಂಬಳಿ ಸಮೇತ ಇಳಿದರು. ಕುರಿಯ ಚಿತ್ರ ತೋರಿಸಿದರೆ ಸಾಕಾಯಿತಂತೆ. ಜೀಪಿನವನು ಆ ಕುರಿಗಳಿರುವ ಈ ಕಣಿವೆಯವನೇ.

"ರೈಲು ತಪ್ತು ಅಂತ ಜೀಪು ಹತ್ತಿದೆ ತಮ್ಮ. ಆ ಜೀಪೇ ಹೋಗಿ ರೈಲು ಹತ್ಬಿಡ್ತು!"

ನಿಜವೇ. ಅಲ್ಲಿ ಬೆಟ್ಟದ ಆಚೆಗೆ ಹೋಗಲು ರಸ್ತೆಯಿಲ್ಲ. ಸುರಂಗ ದಾಟಲು ವಾಹನಗಳನ್ನು ಜನರ ಸಮೇತ ರೈಲಿನ ಮೇಲೆ ಹತ್ತಿಸುತ್ತಾರೆ.

ರೈತ ಒಂದು ಟಗರನ್ನು ಕೆಳಗಿಳಿಸಿದ. ತಿಪ್ಪೇಸ್ವಾಮಿ ಉಣ್ಣೆ ಬಿಡಿಸಿ ನೋಡಿದರು, ತುಟಿ ಸರಿಸಿ ಹಲ್ಲು ನೋಡಿದರು, ಬೆನ್ನು ಒತ್ತಿದರು. "ಚಂದ ಐತೆ. ನಮ್ಮೂರ ಬಿಸಿಲಿಗೆ ಮಾತ್ರ ಈ ಅಂಗಿ ಬಿಚ್ಚಿಸ್ಬೇಕಾಗ್ತದೆ" ಎಂದು, ಕಂಬಳಿಯನ್ನು ರೈತನ ಹೆಗಲಿಗೆ ಹೊದಿಸಿದರು. ಆತ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ. ಲಾರಿಯ ಬಾಗಿಲು ತೆರೆದು, ತನ್ನ ಪಕ್ಕದ ಸೀಟಿನ ಮೇಲೆ ಹಾಸಿ, ಹುಲ್ಲುಗಾವಲಿಗೆ ಜೊತೆಗೆ ಬನ್ನಿ ಎಂದು ಕೈ ಮಾಡಿದ.

ತಿಪ್ಪೇಸ್ವಾಮಿ ಹತ್ತಿ ಕೂತು ನನ್ನತ್ತ ಬಗ್ಗಿದರು. "ನೋಡಿದ್ಯಾ? ಕಂಬಳಿ ಹಾಸಿದ ಸೀಟು ಎಲ್ಲಿಗೂ ಹೋಗಾಕಿಲ್ಲ."

ಕೆಲಸ ಕಲಿಸಿದ್ದು ಇಷ್ಟು: ಈಗ ನಾನು ಜನರನ್ನು ಎಣಿಸಿದ ಮೇಲೆ ಟವಲು, ಕಂಬಳಿಗಳನ್ನೂ ಎಣಿಸುತ್ತೇನೆ. ಅವು ಇದ್ದಲ್ಲಿಗೆ ಜನ ಬಂದೇ ಬರುತ್ತಾರೆ.

ಒಂದು ಸಂದೇಹ ಉಳಿದಿದೆ. ದಿನಚರಿಯಲ್ಲಿ ಪ್ರಯಾಣಗಳನ್ನು ಸಾರ್ವಜನಿಕ, ಖಾಸಗಿ ಎಂದು ಎರಡಾಗಿ ಬರೆಯುವುದು ನನ್ನ ರೂಢಿ. ರೈಲಿನ ಮೇಲೆ ನಿಂತ ಜೀಪಿನೊಳಗೆ ಕೂತು ಹೋದದ್ದು ಯಾವುದಕ್ಕೆ ಸೇರುತ್ತದೆ? ಆ ಸಾಲು ಇನ್ನೂ ಖಾಲಿಯಿದೆ. ಬಲ್ಲವರು ದಯವಿಟ್ಟು ಬರೆದು ತಿಳಿಸಿ.