ಬೋಣಿ ಹೊತ್ತಿಗೆ "ನೋ" ಅಂದ ಪ್ರೋಗ್ರಾಮು

ಕೆಲಸ ಶುರುಮಾಡುವ ಮೊದಲು ಬೇಕಾದ ಜಾಗವನ್ನೆಲ್ಲ ಕೇಳಿ ಪಡೆದುಕೊಳ್ಳಿ. ಸಿಗದಿದ್ದರೆ ಶುರುವನ್ನೇ ಮಾಡಬೇಡಿ. ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರಿಗೆ ನಾನು ಇವತ್ತಿಗೂ ಹೇಳುವ ಮಾತಿದು. ಈ ಹಟಕ್ಕಾಗಿ ನನ್ನ ಮೊದಲ ಗಿರಾಕಿಯನ್ನೇ ಬಿಟ್ಟುಕೊಡಲು ತಯಾರಾಗಿದ್ದೆ.

ನಾನು ಅರವತ್ತರ ದಶಕದಲ್ಲಿ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಹುಟ್ಟಿದವಳು. ಕಾಲೇಜಿನ ಮುಖ ನೋಡಲಿಲ್ಲ. ಉತ್ತಮಪಾಳಯದಲ್ಲಿ ಟೈಪಿಂಗ್ ಹೇಳಿಕೊಡುತ್ತಾ, ವಾರಕ್ಕೆರಡು ಸಲ ದಿಂಡಿಗಲ್ಲಿಗೆ ಬಸ್ಸು ಹಿಡಿದು ಕಂಪ್ಯೂಟರು ಕಲಿತೆ. ನಮ್ಮೂರ ದ್ರಾಕ್ಷಿ ಮಂಡಿಯ ಯಜಮಾನರೂ ನಮ್ಮಂತೆ ಮನೆಯಲ್ಲಿ ಕನ್ನಡ ಆಡುವವರೇ, ವರಸೆಯಲ್ಲಿ ನನಗೆ ಮಾಮ. ಯಾವ ತೋಟದ ಪೆಟ್ಟಿಗೆ ಯಾವ ಲಾರಿಗೆ ಎಂದು ಹಂಚಿಕೊಡುವ ಪ್ರೋಗ್ರಾಮು ಬೇಕೆಂದರು. ಕೊಯ್ಲಿನ ಮೊದಲ ಶುಕ್ರವಾರ ಅದು ಓಡಬೇಕು, ಓಡದಿದ್ದರೆ ಕೆಲಸ ದಿಂಡಿಗಲ್ಲಿನ ಇನ್ನೊಬ್ಬನಿಗೆ. ಒಪ್ಪಿಕೊಂಡೆ.

ತೋಟಗಳ ಪಟ್ಟಿಗೊಂದಿಷ್ಟು, ಲಾರಿಗಳ ಪಟ್ಟಿಗೊಂದಿಷ್ಟು ಎಂದು ಯಂತ್ರದ ಮೆಮೊರಿಯಲ್ಲಿ ಜಾಗವನ್ನು ಪ್ರೋಗ್ರಾಮು ಏಳುತ್ತಲೇ ಕೇಳುವಂತೆ ಬರೆದಿದ್ದೆ. ಕೇಳಿದಷ್ಟು ಜಾಗವಿದ್ದರೆ ಯಂತ್ರ ಅದರ ವಿಳಾಸ ಕೊಡುತ್ತದೆ, ಇಲ್ಲದಿದ್ದರೆ ಸೊನ್ನೆ. ಸೊನ್ನೆ ಬಂದದ್ದನ್ನು ನೋಡದೆ ಮುಂದುವರಿದರೆ, ಆಗಿನ ಯಂತ್ರಗಳಲ್ಲಿ ಆ ಸೊನ್ನೆಯೇ ವಿಳಾಸವಾಗಿ, ಬರೆದದ್ದೆಲ್ಲ ಯಂತ್ರದ್ದೇ ಸ್ವಂತ ಜಾಗದ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ. ಹಾಗಾಗಿ ಒಂದು ಸೊನ್ನೆ ಬಂದರೂ ಸಾಕು, ಸಿಕ್ಕಿದ ಜಾಗವನ್ನು ಹಿಂದಿರುಗಿಸಿ, ಕಾರಣ ಹೇಳಿ, ಪ್ರೋಗ್ರಾಮು ಅಲ್ಲೇ ನಿಲ್ಲುತ್ತಿತ್ತು.

ಶುಕ್ರವಾರ ಬೆಳಗ್ಗೆ ಮಾಮ ಕಂಪ್ಯೂಟರಿಗೆ ಕುಂಕುಮವಿಟ್ಟು, ಕರ್ಪೂರ ಬೆಳಗಿ, ಗುಂಡಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ "ನೋ ಮೆಮೊರಿ" ಎಂದು ಬಂತು. ಅಷ್ಟೇ.

ಮಾಮನಿಗೆ ಇಂಗ್ಲಿಷ್ ಬಾರದು, ಆದರೆ "ನೋ" ಗೊತ್ತು. ನಮ್ಮ ಕಡೆಯ ವ್ಯಾಪಾರಿಗಳು ಬೋಣಿಗೆ ಮುಂಚೆ, ಅದರಲ್ಲೂ ವೆಳ್ಳಿಕೆಳಮೆ ಎನ್ನುವ ಶುಕ್ರವಾರ, ಇಲ್ಲ ಎನ್ನುವುದಿಲ್ಲ. ಸರಕು ಮುಗಿದಿದ್ದರೂ "ನಾಳೆ ಬರ್ತದೆ" ಅನ್ನುತ್ತಾರೆ.

"ಏನ್ ತಾಯೀ, ವೆಳ್ಳಿಕೆಳಮೆ ದಿನ, ಬೋಣಿ ನೇರದಾಗೆ ಇಲ್ಲಾ ಅಂತದಲ್ಲ ನಿನ್ ಪೆಟ್ಟಿ! ಅದ್ಕೂ ನಿನ್ನಂಗೇ ವಾಯಿ ಜಾಸ್ತಿ."

"ಜಾಗ ಇಲ್ದಿದ್ರೆ ನಿಲ್ಲೋ ಹಂಗೆ ನಾನೇ ಬರ್ದಿದ್ದು ಮಾಮಾ. ಇಲ್ದಿದ್ದನ್ನ ಇಲ್ಲಾ ಅಂತು. ಸುಳ್ಳು ಹೇಳ್ಬೇಕಿತ್ತಾ?"

"ದಿಂಡಿಗಲ್ಲಾನ್ದು ಒತ್ತಿದ್ರೆ ಓಡ್ತದೆ. ನೀನೂ ಆ ನಿಲ್ಸೋದನ್ನ ಕಿತ್ತಾಕು."

"ಕೀಳಾಕಿಲ್ಲ. ಲಾರೀಲಿ ಎಡ ಐತಾ, ಜಾಗ ಐತಾ ಅಂತ ಕೇಳ್ದೆ ನೀವು ದ್ರಾಚ್ಚೆ ಕುಯ್ಯಿಸ್ತೀರಾ? ಕುಯ್ದ ಗೊಂಚ್ಲು ತಿರ್ಗಾ ಬಳ್ಳೀಗೆ ಅಂಟ್ತದಾ?"

"ಅದು ದ್ರಾಚ್ಚೆ. ಇದು ಕರೆಂಟು ಪೆಟ್ಟಿ. ಕೀಳ್ತೀಯೋ, ದಿಂಡಿಗಲ್ಲಿಗೆ ಪೋನ್ ಮಾಡ್ಲೋ?"

"ಮಾಡಿ. ಅದ್ಕೂ ಮುಂಚೆ ಒಂದ್ಸಲ ಇದ್ನ ನೋಡ್ಬಿಡಿ."

ಅವರ ಕಣ್ಣೆದುರೇ ಆ ತಪಾಸಣೆಯ ಸಾಲುಗಳನ್ನು ಅಳಿಸಿ ಓಡಿಸಿದೆ. ಪ್ರೋಗ್ರಾಮು ಚೆನ್ನಾಗಿಯೇ ಎದ್ದಿತು. ಮಾಮ ಪರದೆಗೆ ಕೈಮುಗಿದರು. ಎರಡನೆಯ ತೋಟದ ಹೆಸರು ಹೊಡೆಯುವಷ್ಟರಲ್ಲಿ ಕೀಲಿಮಣೆ ಸತ್ತಿತು. ಯಾವ ಕೀಲಿ ಒತ್ತಿದರೂ ಮಿಸುಕಾಟವಿಲ್ಲ.

"ಬಾಗಿಲಾಗೆ ಲಾರಿ ಸಾಲ್ಗಟ್ಟಿ ನಿಂತಾಗ ಇಂಗಾದ್ರೆ?" ಎಂದು ಕೇಳಿದೆ.

ಮಾಮ ಹೆಗಲಿನ ಟವಲಿನಿಂದ ಮುಖ ಒರೆಸಿಕೊಂಡರು.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಜಾಗ ತಿಂದದ್ದು ಯಾರೆಂದು ಹುಡುಕಿದೆ. ಯಂತ್ರ ಮಾರಿದವರು, ಮಾಮ ಕೇಳಿದರೆಂದು, ರಾಹುಕಾಲ ಬಂದಾಗ ಕೂಗುವ ಒಂದು ಪ್ರೋಗ್ರಾಮು ಸೇರಿಸಿಕೊಟ್ಟಿದ್ದರು. ದೇವರ ಚಿತ್ರದ ಸಮೇತ ಅದು ಮೆಮೊರಿಯಲ್ಲೇ ಬಿಡಾರ ಹೂಡಿತ್ತು.

"ರಾಹುಕಾಲವ ತೆಗಿಯಾದಾ?" ಮಾಮ ಬೆಚ್ಚಿದರು.

"ಗೋಡೆ ಮ್ಯಾಲೆ ಕ್ಯಾಲೆಂಡ್ರು ಐತಲ್ಲ, ಅದು ಮೆಮೊರಿ ತಿನ್ನಲ್ಲ."

ಒಪ್ಪಿದರು, ಅದನ್ನು ತೆಗೆದೆ. ಆದರೆ ಆ "ನೋ" ಹೋಗಲೇಬೇಕೆಂದರು. ಬಿಟ್ಟುಕೊಡಬೇಕಾದ್ದು ಯಾವುದು, ಬಿಡಬಾರದ್ದು ಯಾವುದು ಎಂದು ಗೊತ್ತಿದ್ದರೆ ಚೌಕಾಸಿ ಸುಲಭ. ಮಾತು ಬದಲಿಸಿದೆ: ಇಂಗ್ಲಿಷ್ ಅಕ್ಷರದಲ್ಲೇ ತಮಿಳಿನ "ಇಡಂ ವೇಣುಂ", ಅಂದರೆ ಜಾಗ ಬೇಕು. ನಿಲ್ಲುವುದನ್ನು ಮಾತ್ರ ಬದಲಿಸಲಿಲ್ಲ. ಅಳಿಸಿದ ಸಾಲುಗಳನ್ನು ಮತ್ತೆ ಸೇರಿಸಿದೆ.

"ಅರ್ಧ ಎಡ ಸಿಕ್ಕಿದ್ರೆ ಅರ್ಧ ಓಡ್ಲಿ ಬಿಡು," ಎಂದು ಕೊನೆಯದಾಗಿ ಎಳೆದು ನೋಡಿದರು.

"ಆಗಾಕಿಲ್ಲ ಮಾಮಾ."

ಮತ್ತೆ ಗುಂಡಿ ಒತ್ತಿದರು. ಕೇಳಿದ ಜಾಗವೆಲ್ಲ ಸಿಕ್ಕಿ ಪಟ್ಟಿ ತೆರೆಯಿತು. ಹತ್ತೂವರೆಯ ರಾಹುಕಾಲಕ್ಕೆ ಮುಂಚೆಯೇ ಮೊದಲ ಲಾರಿ ಕೇರಳದತ್ತ ಗೂಡಲೂರಿನ ದಾರಿ ಹಿಡಿಯಿತು. ದಿಂಡಿಗಲ್ಲಿಗೆ ಫೋನು ಹೋಗಲಿಲ್ಲ.