ಉಣ್ಣೆ ಕತ್ತರಿಸಿದ ಮರುದಿನ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ನಮ್ಮ ಬಸ್ಸು ರಾಜೇಶ್ವರದಲ್ಲಿ ಕೆಟ್ಟು ನಿಂತಿತು. ಮಳೆಯಲ್ಲಿ ಓಡಿ ತಂಗುದಾಣ ಸೇರಿದರೆ ಅದರ ತುಂಬ ಕುರಿಗಳು. ಹಿಂದಿನ ದಿನವಷ್ಟೇ ಉಣ್ಣೆ ಕತ್ತರಿಸಿದ್ದರಿಂದ ಬೋಳು ಮೈಯಲ್ಲಿ ನಡುಗುತ್ತಿದ್ದವು. ಅವುಗಳ ಒಡತಿ ಶಾಂತಮ್ಮ ತನ್ನ ಕಂಬಳಿಯನ್ನು ಒಂದು ಕುರಿಗೆ ಹೊದಿಸಿ, ತಾನು ತೊಯ್ದ ಸೀರೆಯಲ್ಲೇ ಕುಳಿತಿದ್ದಳು.

"ಅಣ್ಣಾರ, ಆ ತುಫಾನ ಎಲ್ಲಿಗಿ ಬಂದದ, ಜರಾ ಮೊಬೈಲ್‌ದಾಗ ನೋಡ್ರಿ."

ನೋಡಿದೆ. ಆಂಧ್ರದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತ ಎತ್ತಿನ ಬಂಡಿಯಂತೆ ನಿಧಾನವಾಗಿ ಈ ಕಡೆ ಸರಿದು, ಈಗ ಬರಿಯ ವಾಯುಭಾರ ಕುಸಿತವಾಗಿತ್ತು.

"ಶಕ್ತಿ ಕಳೆದುಕೊಂಡಿದೆಯಂತೆ. ಇನ್ನು ಅಪಾಯವಿಲ್ಲ ಅಂತ ಬರೆದಿದ್ದಾರೆ," ಎಂದೆ.

"ಮೊನ್ನಿನೂ ಹಿಂಗೇ ಅಂದ್ರು. ಅದು ದೂರ ಸಮುದ್ರದಾಗ ಅದ, ನಮ್ಮ ಕಡಿ ಬರೂದಿಲ್ಲ ಅಂದ್ರು. ಅದನ್ನ ನಂಬೇ ಉಣ್ಣಿ ಕತ್ತರಿಸಿದ್ವಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಅಷ್ಟರಲ್ಲಿ ಕಂಬಳಿ ಹೊದ್ದ ಕುರಿ ಕಾಲು ಮಡಚಿ ಕುಸಿಯಿತು. ಅವಳು ಅದರ ಮುಂಗಾಲುಗಳನ್ನು ತಿಕ್ಕತೊಡಗಿದಳು.

"ಹಿಂದಿನ ಕಾಲು ನೀವ್ ತಿಕ್ರಿ. ಬಿಡಬ್ಯಾಡ್ರಿ."

ಕುಳಿತು ತಿಕ್ಕಿದೆ. ಕಾಲುಗಳು ಕಲ್ಲಿನಂತೆ ತಣ್ಣಗಿದ್ದವು. ಬೇರೆ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಜೊತೆಯವರೆಲ್ಲ ಹತ್ತಿದರು.

"ಹೋಗ್ರಿ, ಬಸ್ ಹೊಂಟದ," ಎಂದಳು, ತಲೆಯೆತ್ತದೆ.

ನನಗೆ ಕೈ ಬಿಡಲಾಗಲಿಲ್ಲ. ಬಸ್ಸು ಹೋಯಿತು. ತುಸು ಹೊತ್ತಿಗೆ ಕುರಿ ಒಮ್ಮೆ ಸೀನಿ, ತಡವರಿಸುತ್ತ ಎದ್ದು ನಿಂತಿತು. ಅಂತೂ ಮುಗಿಯಿತೆಂದು ನಾನೂ ಎದ್ದೆ. ಶಾಂತಮ್ಮ ಆಗಲೇ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದರ ಕಾಲು ಹಿಡಿದು ಕುಳಿತಿದ್ದಳು.